ಮಲೇರಿಯಾ ಗುಟ್ಟು ಬಿಡಿಸಿದ ರಾಸ್‌ಗೆ ಮೊದಲ ಪಾಠ ಸಿಕ್ಕಿದ್ದು ಬೆಂಗಳೂರಿನ ನೀರಿನ ಪೀಪಾಯಿಯಲ್ಲಿ

ದೇವನಹಳ್ಳಿ: ಬಳ್ಳಾರಿ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಕನ್ನಮಂಗಲ ಬಳಿಯ ಪೂಜನಹಳ್ಳಿ ಗೊತ್ತೇ ಇರುತ್ತೆ. ಅಲ್ಲಿನ ಐಸಿಎಂಆರ್ ಆವರಣದಲ್ಲಿ ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆಯ ಘಟಕ ಇದೆ ಅನ್ನೋದು ಮಾತ್ರ ತಾಲೂಕಿನವರಲ್ಲೇ ಹಲವರಿಗೆ ಗೊತ್ತಿಲ್ಲ. ಸೊಳ್ಳೆ ಹಿಂದೆ ಬಿದ್ದ ವಿಜ್ಞಾನದ ಕಥೆಯ ಮೊದಲ ಅಧ್ಯಾಯ ನಡೆದದ್ದೂ ಇಲ್ಲೇ ಹತ್ತಿರ, ಬೆಂಗಳೂರು ದಂಡಿನಲ್ಲಿ. ಆ ಕಥೆಯ ನಾಯಕ ರೊನಾಲ್ಡ್ ರಾಸ್.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಅಲ್ಮೋರಾದಲ್ಲಿ. ತಂದೆ ಸೇನಾಧಿಕಾರಿ. ಮಗನಿಗೆ ಕವಿತೆ, ಚಿತ್ರ, ಸಂಗೀತದ ಹುಚ್ಚು. ಆದರೂ ಅಪ್ಪನ ಹಟಕ್ಕೆ ಡಾಕ್ಟರ್ ಓದಿದರು. 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು.

1883ರಲ್ಲಿ ಬೆಂಗಳೂರಿಗೆ ವರ್ಗವಾಯಿತು. ಬಂಗಲೆ ಚೆನ್ನಾಗಿತ್ತು, ಸೊಳ್ಳೆ ಕಾಟ ಮಾತ್ರ ವಿಪರೀತ. ಅಕ್ಕಪಕ್ಕದವರಿಗಿಂತ ತಮ್ಮಲ್ಲೇ ಯಾಕೆ ಜಾಸ್ತಿ ಅಂತ ಹುಡುಕಿದಾಗ ಕಿಟಕಿ ಹೊರಗೆ ಇಟ್ಟಿದ್ದ ನೀರಿನ ಪೀಪಾಯಿ ಕಣ್ಣಿಗೆ ಬಿತ್ತು. ಒಳಗೆ ಸೊಳ್ಳೆ ಮರಿಗಳು ಪಿತಪಿತ ಅನ್ನುತ್ತಿದ್ದವು. ಪೀಪಾಯಿ ಬೋರಲು ಹಾಕಿದರು, ಸೊಳ್ಳೆ ಕಮ್ಮಿಯಾಯಿತು.

ಖುಷಿಯಿಂದ ಸೇನೆಯ ಅಡ್ಜುಟೆಂಟ್ ಹತ್ತಿರ ಹೋಗಿ, ಮೆಸ್ ಸುತ್ತ ಬಿದ್ದಿರುವ ಡಬ್ಬ, ಹೂಕುಂಡಗಳ ನೀರು ಚೆಲ್ಲಿಸೋಣ ಅಂದರು. ಆತ ಒಪ್ಪಲಿಲ್ಲ. ಸೃಷ್ಟಿಯಲ್ಲಿ ಸೊಳ್ಳೆಗೂ ಏನೋ ಕೆಲಸ ಇರುತ್ತೆ, ನಾವು ಸಹಿಸಿಕೊಳ್ಳಬೇಕು ಅನ್ನೋದು ಆತನ ವಾದ. ಇವತ್ತು ಆಶಾ ಕಾರ್ಯಕರ್ತೆಯರು ಪಂಕ್ಚರ್ ಅಂಗಡಿ ಮುಂದಿನ ಹಳೇ ಟಯರ್ ನೀರು ಚೆಲ್ಲಿ ಅಂದಾಗ ಕೇಳಿಬರುವ ಉತ್ತರಗಳೂ ಇದಕ್ಕಿಂತ ಬಹಳ ಬೇರೆ ಏನಲ್ಲ.

ಆಗಿನ್ನೂ ಸೊಳ್ಳೆಗೂ ಮಲೇರಿಯಾಕ್ಕೂ ಸಂಬಂಧ ಇದೆ ಅಂತ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಜೌಗು ನೆಲದ ಕೆಟ್ಟ ಗಾಳಿಯಿಂದ ಜ್ವರ ಬರುತ್ತೆ ಅನ್ನೋ ನಂಬಿಕೆಯೇ ಗಟ್ಟಿಯಾಗಿತ್ತು. ರೋಗಿಯ ರಕ್ತದಲ್ಲಿ ಪರಾವಲಂಬಿ ಜೀವಿ ಇರುವುದನ್ನು 1880ರಲ್ಲೇ ಫ್ರೆಂಚ್ ವೈದ್ಯ ಲ್ಯಾವೆರಾನ್ ಕಂಡಿದ್ದರು. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿ, ಸೊಳ್ಳೆಯ ಮೇಲೆ ಅನುಮಾನ ಇದೆ ಅಂದರು. ಅಲ್ಲಿಂದ ರಾಸ್ ಅದರ ಬೆನ್ನು ಹತ್ತಿದರು.

1895ರಲ್ಲಿ ಕಾಲರಾ ಬಂದಾಗ ನೈರ್ಮಲ್ಯದ ಕೆಲಸಕ್ಕೆ ಮತ್ತೆ ಬೆಂಗಳೂರಿಗೆ ಕಳಿಸಿದರು. ಹಗಲು ಕಾಲರಾ, ಬಿಡುವಾದಾಗ ಸೊಳ್ಳೆ. ಮಲೇರಿಯಾ ರೋಗಿಯನ್ನು ಕಚ್ಚಿದ ಸೊಳ್ಳೆಗಳಿಂದ ತಾವೂ ಕಚ್ಚಿಸಿಕೊಳ್ಳಲು ಬೌರಿಂಗ್ ಆಸ್ಪತ್ರೆಯ ಸಹಾಯಕ ಸರ್ಜನ್ ಒಬ್ಬರು ಮುಂದೆ ಬಂದರು. ರಾಸ್ ಅವರ ಬರಹದಲ್ಲಿ ಆ ಹೆಸರು ಅಪ್ಪಿಯಾ ಅಂತಿದೆ. ನಮ್ಮ ಬಾಯಲ್ಲಿ ಅಪ್ಪಯ್ಯ ಇದ್ದಿರಬೇಕು. ಜೀವದ ಹಂಗು ತೊರೆದು ತೋಳು ಕೊಟ್ಟ ಈ ಮನುಷ್ಯನನ್ನು ಬೆಂಗಳೂರು ನೆನೆಯಬೇಕಿತ್ತು. ಅವರಿಗೆ ಜ್ವರ ಬರಲಿಲ್ಲ. ಕಾರಣ, ಬಳಸಿದ್ದು ಮಲೇರಿಯಾ ಹರಡದ ಜಾತಿಯ ಸೊಳ್ಳೆ. ಬೂದು ಸೊಳ್ಳೆ, ಪಟ್ಟೆ ಸೊಳ್ಳೆ ಕೊಯ್ದು ಕೊಯ್ದು ರಾಸ್ ಸುಸ್ತಾಗಿದ್ದರು.

1897ರಲ್ಲಿ ಊಟಿ ಕಡೆ ಹೋದಾಗ ಸ್ವತಃ ಮಲೇರಿಯಾ ಬಡಿಯಿತು. ಚೇತರಿಸಿಕೊಂಡು ಸಿಕಂದರಾಬಾದಿಗೆ ಹೋದರು. ಸೆಕೆಗೆ ಬೆವರು ಸುರಿದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಸೊಳ್ಳೆ ಹಾರಿಹೋಗುತ್ತವೆ ಅಂತ ಪಂಕ ಎಳೆಸುವ ಹಾಗೂ ಇಲ್ಲ. ಹುಸೇನ್ ಖಾನ್ ಎಂಬ ರೋಗಿಗೆ ಸೊಳ್ಳೆಗೊಂದು ಆಣೆ ಕೊಟ್ಟು, ರೆಕ್ಕೆ ಮೇಲೆ ಚುಕ್ಕೆ ಇರುವ ಸೊಳ್ಳೆಗಳಿಂದ ಕಚ್ಚಿಸಿದರು. ಅದೇ ಅನಾಫಿಲಿಸ್. ಆಗಸ್ಟ್ 20ರಂದು ಅದರ ಹೊಟ್ಟೆಯ ಗೋಡೆಯಲ್ಲಿ ಕಪ್ಪು ಕಣಗಳಿದ್ದ ಗುಂಡನೆಯ ಕೋಶಗಳು ಕಂಡವು. ಆ ದಿನವೇ ಈಗ ವಿಶ್ವ ಸೊಳ್ಳೆ ದಿನ.

ಸ್ವಲ್ಪ ದಿನಕ್ಕೇ ಮಲೇರಿಯಾ ಇಲ್ಲದ ಖೇರ್ವಾರಾಕ್ಕೆ ಎತ್ತಂಗಡಿ! ಸರ್ಕಾರಿ ನೌಕರರಿಗೆ ಇದು ಹೊಸದೇನಲ್ಲ ಬಿಡಿ. 1898ರಲ್ಲಿ ಕಲ್ಕತ್ತಾಕ್ಕೆ ಬಂದರು. ಪ್ಲೇಗ್ ಚುಚ್ಚುಮದ್ದಿನ ಭಯಕ್ಕೆ ಜನ ರಕ್ತ ಕೊಡಲು ಒಪ್ಪದ ಕಾರಣ ಹಕ್ಕಿಗಳ ಮಲೇರಿಯಾ ಕೈಗೆತ್ತಿಕೊಂಡರು. ಪರಾವಲಂಬಿ ಸೊಳ್ಳೆಯ ಜೊಲ್ಲಿನ ಗ್ರಂಥಿಗೆ ಬಂದು, ಕಚ್ಚಿದಾಗ ದಾಟುತ್ತೆ ಅಂತ ಜುಲೈನಲ್ಲಿ ಸಾಬೀತಾಯಿತು. ಮನುಷ್ಯರ ಮಲೇರಿಯಾದಲ್ಲಿ ಅದನ್ನೇ ತೋರಿಸಿದವರು ಇಟಲಿಯ ಗ್ರಾಸಿ ತಂಡದವರು. ರಾಸ್ ಗ್ರಾಸಿ ಜೊತೆ ಬದುಕಿಡೀ ಕಿತ್ತಾಡಿದರು, ಅದು ಅವರ ಸಣ್ಣತನವೇ ಸರಿ. 1902ರ ನೊಬೆಲ್ ರಾಸ್ ಒಬ್ಬರಿಗೇ ಬಂತು.

ಆಮೇಲೆ ಅವರು ಗಣಿತಕ್ಕೆ ಕೈ ಹಾಕಿದರು. ಒಂದೂ ಬಿಡದೆ ಸೊಳ್ಳೆ ಕೊಲ್ಲಬೇಕಿಲ್ಲ, ಒಂದು ಮಿತಿಗಿಂತ ಕೆಳಗೆ ಇಳಿಸಿದರೆ ಸಾಕು, ರೋಗ ತಾನಾಗೇ ಕರಗುತ್ತೆ ಅಂತ ಲೆಕ್ಕ ಹಾಕಿ ತೋರಿಸಿದರು. ಅಡ್ಜುಟೆಂಟ್‌ಗೆ ಹೇಳಲಾಗದ ಉತ್ತರ 1910ರ ಹೊತ್ತಿಗೆ ಪುಸ್ತಕವಾಗಿತ್ತು.

ಇದು ಈಗಲೂ ಯಾಕೆ ಮುಖ್ಯ ಅಂದರೆ, ಮಾತ್ರೆ ಸೋಲುತ್ತೆ. ಅಗ್ಗದ ಕ್ಲೋರೋಕ್ವಿನ್‌ಗೆ ಫಾಲ್ಸಿಪಾರಂ ಮಲೇರಿಯಾ ಬಗ್ಗದಿರುವುದು ಭಾರತದಲ್ಲಿ ಮೊದಲು ಕಂಡದ್ದು 1973ರಲ್ಲಿ, ಅಸ್ಸಾಮಿನಲ್ಲಿ. ಈಗ ಅದಕ್ಕೆ ಆರ್ಟಿಮಿಸಿನಿನ್ ಸೇರಿದ ಜೋಡಿ ಔಷಧಿ ಕೊಡಬೇಕು. ವೈವಾಕ್ಸ್ ಮಲೇರಿಯಾ ಬಂದವರು ಪ್ರೈಮಾಕ್ವಿನ್ ಮಾತ್ರೆಯನ್ನು 14 ದಿನ ನುಂಗಬೇಕು. ಜ್ವರ ಬಿಟ್ಟಿತು ಅಂತ ಮೂರನೇ ದಿನಕ್ಕೆ ನಿಲ್ಲಿಸಿದರೆ ಅದು ಮರುಕಳಿಸಬಹುದು. ನಗರದ ಕಡೆ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಮೊಟ್ಟೆ ಇಡೋದು ಚರಂಡಿಯಲ್ಲಲ್ಲ, ಮುಚ್ಚಳವಿಲ್ಲದ ಸಂಪು, ಓವರ್‌ಹೆಡ್ ಟ್ಯಾಂಕು, ಕಟ್ಟಡ ಕೆಲಸದ ತೊಟ್ಟಿಯ ತಿಳಿನೀರಲ್ಲಿ.

ರಾಸ್ 1923ರಲ್ಲಿ ಆತ್ಮಕಥೆ ಪ್ರಕಟಿಸಿದರು. ಬೆಂಗಳೂರಿನ ಪೀಪಾಯಿಯನ್ನು ಮರೆತಿರಲಿಲ್ಲ. ಹಣದ ಅಡಚಣೆಗೆ 1928ರಲ್ಲಿ ತಮ್ಮ ಕಾಗದಪತ್ರಗಳನ್ನೇ ಮಾರಿದರು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು.