ಎಮಿಲ್ ಜಾಟೊಪೆಕ್

1922ನೆಯ ಇಸವಿ ಸೆಪ್ಟೆಂಬರ್ 19ರಂದು ಚೆಕೊಸ್ಲೊವಾಕಿಯ ದೇಶದ ಕೊಪ್ರಿವ್ನಿತ್ಸೆ ಎಂಬ ಊರಿನಲ್ಲಿ, ಬಡಗಿಯೊಬ್ಬನ ಮನೆಯಲ್ಲಿ ಎಮಿಲ್ ಜಾಟೊಪೆಕ್ ಜನಿಸಿದನು. ಮನೆಯಲ್ಲಿ ಮಕ್ಕಳು ಹಲವರು; ಸಂಪಾದನೆ ಅಲ್ಪ. ಆದುದರಿಂದ ಅವನು ಹದಿಹರೆಯದಲ್ಲಿಯೇ ಜ್ಲೀನ್ ನಗರದ ಬಾಟಾ ಪಾದರಕ್ಷೆಯ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಬೇಕಾಯಿತು.

1941ರಲ್ಲಿ ಕಾರ್ಖಾನೆಯವರು ಓಟದ ಪಂದ್ಯವೊಂದನ್ನು ಏರ್ಪಡಿಸಿದರು. ಜಾಟೊಪೆಕ್‌ಗೆ ಓಟದಲ್ಲಿ ಆಸಕ್ತಿಯಿರಲಿಲ್ಲ. ತನಗೆ ಶಕ್ತಿ ಸಾಲದೆಂದು ಹೇಳಿ ತಪ್ಪಿಸಿಕೊಳ್ಳಲು ನೋಡಿದನು. ಆದರೆ ಪರೀಕ್ಷಿಸಿದ ವೈದ್ಯರು ಅವನು ಆರೋಗ್ಯವಂತನೆಂದು ತಿಳಿಸಿದರು. ಒಲ್ಲದ ಮನಸ್ಸಿನಿಂದ ಓಡಿದ ಆ ತರುಣ, ಸುಮಾರು ನೂರು ಮಂದಿಯ ನಡುವೆ ಎರಡನೆಯವನಾಗಿ ಬಂದನು. ಅಂದಿನಿಂದ ಓಟವೇ ಅವನ ಬಾಳಿನ ಗುರಿಯಾಯಿತು.

ಎರಡನೆಯ ಮಹಾಯುದ್ಧದ ಅನಂತರ ಅವನು ಸೈನ್ಯವನ್ನು ಸೇರಿದನು. ಅಲ್ಲಿ ಅವನು ಕೈಗೊಂಡ ಅಭ್ಯಾಸ ಕಠೋರವಾಗಿದ್ದಿತು. 400 ಮೀಟರ್ ದೂರವನ್ನು ವೇಗವಾಗಿ ಓಡುವುದು, ಸ್ವಲ್ಪ ದೂರ ನಿಧಾನವಾಗಿ ಓಡಿ ಉಸಿರನ್ನು ಹಿಡಿತಕ್ಕೆ ತಂದುಕೊಳ್ಳುವುದು, ಮತ್ತೆ ವೇಗವಾಗಿ ಓಡುವುದು—ಇದು ಅವನ ಕ್ರಮ. ಹೀಗೆ ಒಂದೇ ದಿನದಲ್ಲಿ ಅರವತ್ತು ಸಲ ಓಡಿದ ದಿನಗಳೂ ಉಂಟು. ಹಿಮ ಬಿದ್ದ ನೆಲದ ಮೇಲೆ, ಸೈನಿಕರ ಭಾರವಾದ ಬೂಟುಗಳನ್ನು ತೊಟ್ಟು ಅವನು ಓಡುತ್ತಿದ್ದನು.

ಇಂತಹ ಅಭ್ಯಾಸದಿಂದ ದೇಹದೊಳಗೆ ನಡೆಯುವ ಮಾರ್ಪಾಡು ಅಂದು ಯಾರಿಗೂ ಸ್ಪಷ್ಟವಾಗಿ ತಿಳಿದಿರಲಿಲ್ಲ. ನಮ್ಮ ಸ್ನಾಯುಗಳ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯ ಎಂಬ ಸೂಕ್ಷ್ಮ ಅಂಗಗಳಿವೆ. ಆಹಾರದಿಂದ ದೊರೆತ ಸಕ್ಕರೆ ಹಾಗೂ ಕೊಬ್ಬನ್ನು ಆಮ್ಲಜನಕದ ನೆರವಿನಿಂದ ಉತ್ಕರ್ಷಿಸಿ, ಸ್ನಾಯುಗಳಿಗೆ ಬೇಕಾದ ಶಕ್ತಿಯನ್ನು ಅವು ಒದಗಿಸುತ್ತವೆ. ಅಮೆರಿಕದ ವಿಜ್ಞಾನಿ ಜಾನ್ ಹಾಲೊಸಿ ಇಲಿಗಳನ್ನು ವಾರಗಟ್ಟಲೆ ಓಡಿಸಿ ಪರೀಕ್ಷಿಸಿದನು. ಓಡಿದ ಇಲಿಗಳ ಸ್ನಾಯುಗಳಲ್ಲಿ ಮೈಟೊಕಾಂಡ್ರಿಯಗಳ ಕಾರ್ಯಶಕ್ತಿ ಸುಮಾರು ಎರಡರಷ್ಟು ಹೆಚ್ಚುವುದೆಂದು 1967ರಲ್ಲಿ ಪ್ರಕಟಿಸಿದನು. ಅವು ಹೆಚ್ಚಿದಷ್ಟೂ ದಣಿವು ತಡವಾಗಿ ಬರುತ್ತದೆ. ಅಭ್ಯಾಸ ನಿಂತರೆ ಅವು ಮತ್ತೆ ಕುಗ್ಗುತ್ತವೆ. ಜಾಟೊಪೆಕ್ ಪ್ರಯೋಗಶಾಲೆಯ ನೆರವಿಲ್ಲದೆ ಈ ದಾರಿಯನ್ನು ಕಂಡುಕೊಂಡಿದ್ದನು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅವನು 10,000 ಮೀಟರ್ ಓಟದಲ್ಲಿ ಚಿನ್ನವನ್ನೂ 5,000 ಮೀಟರ್ ಓಟದಲ್ಲಿ ಬೆಳ್ಳಿಯನ್ನೂ ಗಳಿಸಿದನು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಆ ಎರಡೂ ಓಟಗಳನ್ನು ಗೆದ್ದ ಬಳಿಕ, ಹಿಂದೆಂದೂ ಓಡದಿದ್ದ ಮ್ಯಾರಥಾನ್ ಓಟಕ್ಕೂ ಇಳಿದು ಅದನ್ನೂ ಗೆದ್ದನು. ಒಂದೇ ಒಲಿಂಪಿಕ್ಸ್‌ನಲ್ಲಿ ಈ ಮೂರನ್ನೂ ಗೆದ್ದವರು ಬೇರೆ ಯಾರೂ ಇಲ್ಲ. ಅವನು 5,000 ಮೀಟರ್ ಓಟವನ್ನು ಗೆದ್ದ ದಿನವೇ ಅವನ ಪತ್ನಿ ಡಾನಾ ಭರ್ಜಿ ಎಸೆತದಲ್ಲಿ ಚಿನ್ನವನ್ನು ಗಳಿಸಿದಳು. 1954ರಲ್ಲಿ ಅವನು 10,000 ಮೀಟರ್ ದೂರವನ್ನು 28 ನಿಮಿಷ 54.2 ಸೆಕೆಂಡುಗಳಲ್ಲಿ ಓಡಿ, 29 ನಿಮಿಷಗಳ ಗಡಿಯನ್ನು ದಾಟಿದ ಮೊದಲಿಗನಾದನು.

ಕೀರ್ತಿ ಅವನನ್ನು ಗರ್ವಿಷ್ಠನನ್ನಾಗಿ ಮಾಡಲಿಲ್ಲ. ಆಸ್ಟ್ರೇಲಿಯದ ರಾನ್ ಕ್ಲಾರ್ಕ್ ಅನೇಕ ವಿಶ್ವದಾಖಲೆಗಳನ್ನು ಸ್ಥಾಪಿಸಿದ್ದರೂ ಒಲಿಂಪಿಕ್ ಚಿನ್ನ ಅವನಿಗೆ ದಕ್ಕಿರಲಿಲ್ಲ. ಪ್ರಾಗ್ ನಗರಕ್ಕೆ ಬಂದಿದ್ದ ಕ್ಲಾರ್ಕ್ ಹಿಂದಿರುಗುವಾಗ ಜಾಟೊಪೆಕ್ ಅವನ ಕೈಯಲ್ಲಿ ಚಿಕ್ಕ ಪೊಟ್ಟಣವೊಂದನ್ನು ಇರಿಸಿದನು. ಕ್ಲಾರ್ಕ್ ಅದನ್ನು ಬಿಚ್ಚಿ ನೋಡಿದಾಗ ಅದರಲ್ಲಿ ಹೆಲ್ಸಿಂಕಿಯ ಚಿನ್ನದ ಪದಕವಿದ್ದಿತು!

1968ರಲ್ಲಿ ಅವನ ಮನೋಬಲದ ನಿಜವಾದ ಪರೀಕ್ಷೆ ನಡೆಯಿತು. ದೇಶದಲ್ಲಿ ಆರಂಭವಾದ ಸುಧಾರಣೆಗಳನ್ನು ಅವನು ಬೆಂಬಲಿಸಿದನು. ಅವುಗಳನ್ನು ಹತ್ತಿಕ್ಕಲು ಸೋವಿಯತ್ ನೇತೃತ್ವದ ಸೇನೆಗಳು ನುಗ್ಗಿದಾಗ ಬಹಿರಂಗವಾಗಿ ಪ್ರತಿಭಟಿಸಿದನು. ಪರಿಣಾಮವಾಗಿ ಪಕ್ಷದಿಂದಲೂ ಸೈನ್ಯದಿಂದಲೂ ಹೊರಹಾಕಲ್ಪಟ್ಟನು. ರಾಷ್ಟ್ರದ ಹೆಮ್ಮೆಯಾಗಿದ್ದವನು ಮನೆಯಿಂದ ದೂರ, ನೆಲವನ್ನು ಕೊರೆಯುವ ತಂಡದ ಕೂಲಿಗಾರನಾಗಿ ವರ್ಷಗಳನ್ನು ಕಳೆಯಬೇಕಾಯಿತು. 1989ರ ರಾಜಕೀಯ ಪರಿವರ್ತನೆಯ ಅನಂತರವೇ ಅವನಿಗೆ ಕಳೆದುಹೋದ ಗೌರವ ಮರಳಿ ದೊರೆಯಿತು.

2000ದ ನವೆಂಬರ್‌ನಲ್ಲಿ ಜಾಟೊಪೆಕ್ ಪ್ರಾಗ್‌ನಲ್ಲಿ ನಿಧನನಾದನು. ದಿನದಿನದ ಅಭ್ಯಾಸದಿಂದ ಅವನು ದೇಹವನ್ನು ಹುರಿಗೊಳಿಸಿದನು. ಮನಸ್ಸನ್ನೂ ಹಾಗೆಯೇ ಗಟ್ಟಿಗೊಳಿಸಿದನು. ಗೆದ್ದ ಪದಕವನ್ನು ಇನ್ನೊಬ್ಬನಿಗೆ ಕೊಡುವ ಔದಾರ್ಯವೂ ಸತ್ಯಕ್ಕಾಗಿ ಪದವಿಯನ್ನು ಕಳೆದುಕೊಳ್ಳುವ ಧೈರ್ಯವೂ ಅವನಲ್ಲಿದ್ದವು. ಅದರಿಂದಲೇ ಅವನ ದಾಖಲೆಗಳನ್ನು ಇತರರು ಮುರಿದ ಮೇಲೂ ಅವನ ಹೆಸರು ಅಳಿದಿಲ್ಲ.