ಹೆಸರಲ್ಲೇ ಕರ್ನಾಟಕ ಇಟ್ಟುಕೊಂಡ ಗಾಯಕಿ

ಹಳೇ ಹಿಂದಿ ಹಾಡು ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಲತಾ, ರಫಿ, ಕಿಶೋರ್, ಮುಕೇಶ್. ಮೊಬೈಲಿನ ಪ್ಲೇಲಿಸ್ಟ್‌ಗಳೂ ಹೆಚ್ಚಾಗಿ ಅಲ್ಲಿಂದಲೇ ಶುರುವಾಗ್ತವೆ. ಅವರಿಗಿಂತ ಸ್ವಲ್ಪ ಹಿಂದಕ್ಕೆ, 1940ರ ದಶಕಕ್ಕೆ ಹೋದರೆ ಬೇರೆಯದೇ ದನಿಗಳು ಸಿಗುತ್ತವೆ. ಅದರಲ್ಲಿ ಒಂದು ದನಿ ನಮ್ಮ ರಾಜ್ಯದ ಬೀಳಗಿಯದು. ಹೆಸರು ಅಮೀರ್‌ಬಾಯಿ ಕರ್ನಾಟಕಿ. ಈ ಸಲ ಅವರ ಬದುಕಿನ ಬಗ್ಗೆ ನಾವು ಓದಿ, ಕೇಳಿ ತಿಳಿದಿದ್ದನ್ನು ನಿಮ್ಮ ಮುಂದಿಡ್ತಿದ್ದೀವಿ.

ಬೀಳಗಿ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಆಗ ಅದು ಬಿಜಾಪುರ ಜಿಲ್ಲೆಗೆ, ಅಂದ್ರೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಅಮೀರ್‌ಬಾಯಿಯವರ ಮನೆಯಲ್ಲಿ ಸಂಗೀತ, ನಾಟಕದ ವಾತಾವರಣ ಇತ್ತು. ನಮ್ಮ ತುಮಕೂರು ಕಡೆ ಗುಬ್ಬಿ ಕಂಪನಿ ಎಷ್ಟೋ ಕಲಾವಿದರಿಗೆ ಶಾಲೆ ಆದ ಹಾಗೆ, ಆ ಸೀಮೆಯಲ್ಲಿ ಕನ್ನಡ, ಮರಾಠಿ ನಾಟಕ ಕಂಪನಿಗಳು ಕಲಾವಿದರನ್ನ ಬೆಳೆಸ್ತಿದ್ದವು. ಮೈಕ್ ಇಲ್ಲದ ಕಾಲ. ಕೊನೇ ಸಾಲಲ್ಲಿ ಕೂತವನಿಗೂ ಮಾತು ಮಾತೂ ಕೇಳಿಸಬೇಕಿತ್ತು. ಅಮೀರ್‌ಬಾಯಿಯವರ ತುಂಬಿದ ದನಿ, ಸ್ಪಷ್ಟ ಉಚ್ಚಾರಣೆ ಬೆಳೆದದ್ದು ಇಂಥ ಪರಿಸರದಲ್ಲಿ.

ಅವರ ಸೋದರಿ ಗೋಹರ್‌ಬಾಯಿ ಕೂಡ ದೊಡ್ಡ ಗಾಯಕಿ, ನಟಿ. ಮರಾಠಿ ರಂಗಭೂಮಿಯ ದಂತಕಥೆ ಬಾಲಗಂಧರ್ವರ ಕಂಪನಿ ಸೇರಿ, ಮುಂದೆ ಅವರ ಬಾಳಸಂಗಾತಿಯೂ ಆದರು. ಅಮೀರ್‌ಬಾಯಿ ಚಿಕ್ಕ ವಯಸ್ಸಿನಲ್ಲೇ ಮುಂಬಯಿಗೆ ಹೋದರು. 1934ರಲ್ಲಿ 'ವಿಷ್ಣುಭಕ್ತಿ' ಚಿತ್ರದಲ್ಲಿ ಅವಕಾಶ ಸಿಕ್ಕಿತು. ಆಗ ತೆರೆಯ ಮೇಲೆ ನಟಿಸೋರೇ ಹಾಡಬೇಕು. 1935ರ 'ಧೂಪ್ ಛಾಂವ್' ಚಿತ್ರದಿಂದ ಹಿನ್ನೆಲೆ ಗಾಯನ ಶುರುವಾಯ್ತು. ನಟಿಸೋರು ಒಬ್ಬರು, ಹಾಡೋರು ಇನ್ನೊಬ್ಬರು ಅನ್ನೋ ಪದ್ಧತಿ ಬರಬರುತ್ತಾ ಬೇರೂರಿತು. ಅದರಿಂದ ಅಮೀರ್‌ಬಾಯಿಯವರಿಗೆ ದಾರಿ ಅಗಲವಾಯ್ತು.

ಅವರ ದೊಡ್ಡ ಗೆಲುವು 1943ರಲ್ಲಿ ಬಂದ ಬಾಂಬೆ ಟಾಕೀಸ್‌ನ 'ಕಿಸ್ಮತ್'. ಸಂಗೀತ ಅನಿಲ್ ಬಿಸ್ವಾಸ್ ಅವರದು, ಸಾಹಿತ್ಯ ಕವಿ ಪ್ರದೀಪ್ ಅವರದು. ನಾಯಕಿ ಮುಮ್ತಾಜ್ ಶಾಂತಿಗೆ ಅಮೀರ್‌ಬಾಯಿ ದನಿ ಕೊಟ್ಟರು. ಅದರಲ್ಲಿ ಖಾನ್ ಮಸ್ತಾನಾ ಜೊತೆ ಹಾಡಿದ ದೇಶಭಕ್ತಿ ಗೀತೆಯ ಕಥೆ ಕೇಳಲೇಬೇಕು. ಕ್ವಿಟ್ ಇಂಡಿಯಾ ಚಳವಳಿ ಶುರುವಾಗಿ ಇನ್ನೂ ವರ್ಷ ಕಳೆದಿಲ್ಲ, ಬ್ರಿಟಿಷರ ಸೆನ್ಸಾರ್ ಬಿಗಿಯಾಗಿದೆ. ಹಾಡಿನಲ್ಲಿ ಶತ್ರುಗಳು ಅಂತ ಹೆಸರಿಸಿರೋದು ಜರ್ಮನಿ, ಜಪಾನನ್ನು. ಹಾಗಾಗಿ ಪಾಸ್ ಆಯ್ತು. ಆದ್ರೆ ದೂರ ಹೋಗಿ ಅಂತ ಹೇಳ್ತಿರೋದು ಯಾರಿಗೆ ಅಂತ ಥಿಯೇಟರಿನಲ್ಲಿ ಕೂತ ಜನಕ್ಕೆ ಚೆನ್ನಾಗಿ ಗೊತ್ತಿತ್ತು! ಕಲ್ಕತ್ತದ ರಾಕ್ಸಿ ಟಾಕೀಸಿನಲ್ಲಿ ಈ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಓಡಿತು. ಅದೇ ಚಿತ್ರದಲ್ಲಿ ಮೋಡವನ್ನು ಮೆಲ್ಲಗೆ ಬಾ ಅಂತ ಕರೆಯೋ ಜೋಗುಳವೂ ಇದೆ. ರಣಕಹಳೆ ಥರ ಹಾಡಿದವರೇ ಇದನ್ನೂ ಹಾಡಿದ್ದು ಅಂದ್ರೆ ನಂಬೋದು ಕಷ್ಟ.

ಮುಂದಿನ ವರ್ಷಗಳಲ್ಲಿ ನೌಷಾದ್ ಅವರ 'ರತನ್' (1944), ಖೇಮಚಂದ್ ಪ್ರಕಾಶ್ ಅವರ 'ಭರ್ತೃಹರಿ' (1944) ಮತ್ತು 'ಸಿಂಧೂರ್' (1947), ಸಿ. ರಾಮಚಂದ್ರ ಅವರ 'ಶಹನಾಯಿ' (1947) ಹೀಗೆ ಒಂದಾದ ಮೇಲೆ ಒಂದು ಬಂದವು. ಜನ ಅವರನ್ನು ಕನ್ನಡ ಕೋಗಿಲೆ ಅಂತ ಕರೆದರು. 1948ರಲ್ಲಿ 'ಶಹನಾಜ್' ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶನ ಮಾಡಿದರು. ಆ ಕೆಲಸ ಮಾಡುವ ಹೆಂಗಸರು ಬೆರಳೆಣಿಕೆಯಷ್ಟೂ ಇಲ್ಲದ ಕಾಲ ಅದು.

ಎಂಜಿನಿಯರಿಂಗ್ ಓದೋ ನಮಗೆ ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು ಅನ್ಸುತ್ತೆ. ಆಗ ಟೇಪ್ ಇಲ್ಲ, ಎಡಿಟಿಂಗ್ ಇಲ್ಲ. ವಾದ್ಯದವರು, ಹಾಡೋರು ಎಲ್ಲ ಒಟ್ಟಿಗೆ ನಿಂತು ಒಂದೇ ಸಲಕ್ಕೆ ಮುಗಿಸಬೇಕು. ಯಾರಾದ್ರೂ ಒಬ್ಬರು ತಪ್ಪಿದ್ರೆ ಎಲ್ಲರೂ ಮೊದಲಿಂದ. ನಿಮಿಷಕ್ಕೆ 78 ಸುತ್ತು ತಿರುಗೋ ಅರಗಿನ ತಟ್ಟೆಯ ಒಂದು ಮುಖದಲ್ಲಿ ಸುಮಾರು ಮೂರು ನಿಮಿಷ ಮಾತ್ರ ಜಾಗ. ಆ ಮೂರು ನಿಮಿಷದಲ್ಲೇ ಆಲಾಪ, ಪಲ್ಲವಿ, ಚರಣ ಎಲ್ಲಾ. ಹಳೇ ರೆಕಾರ್ಡಿನ ಕರಕರ ಸದ್ದಿನ ನಡುವೆಯೂ ಅಮೀರ್‌ಬಾಯಿಯವರ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಕೇಳಿಸೋದು ಯಂತ್ರದಿಂದಲ್ಲ, ಗಂಟಲಿಂದ.

ಹೊರಗೆ ಇಷ್ಟು ಹೆಸರು ಬಂದರೂ ಮನೆಯೊಳಗೆ ನೆಮ್ಮದಿ ಇರಲಿಲ್ಲ. ಖಳನಟ ಹಿಮಾಲಯವಾಲಾ ಜೊತೆಗಿನ ಮದುವೆಯಲ್ಲಿ ತುಂಬಾ ನೋವು ಉಂಡರು, ಕೊನೆಗೆ ಬೇರೆಯಾದರು. ದೇಶ ವಿಭಜನೆಯಾದ ಮೇಲೆ ಅವರು ಪಾಕಿಸ್ತಾನಕ್ಕೆ ಹೋದರು. ಮುಂದೆ 'ಪಾರಸ್' ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾ ಅವರನ್ನು ಅಮೀರ್‌ಬಾಯಿ ಮದುವೆಯಾದರು.

ಅಷ್ಟರಲ್ಲಿ ಹಾಡಿನ ಲೋಕವೇ ಬದಲಾಯ್ತು. 1949ರಲ್ಲಿ 'ಮಹಲ್', 'ಬರ್‌ಸಾತ್', 'ಅಂದಾಜ್' ಬಂದವು. ಲತಾ ಅವರ ತೆಳುವಾದ, ಎತ್ತರದ ದನಿಗೆ ದೇಶವೇ ಮರುಳಾಯ್ತು. ಸಂಗೀತ ನಿರ್ದೇಶಕರೆಲ್ಲ ಆ ಕಡೆ ತಿರುಗಿದರು. ಜೊಹ್ರಾಬಾಯಿ ಅಂಬಾಲೆವಾಲಿ, ಅಮೀರ್‌ಬಾಯಿ ಥರದ ತುಂಬುದನಿಯವರಿಗೆ ಕೆಲವೇ ವರ್ಷದಲ್ಲಿ ಹಾಡುಗಳು ಕಡಿಮೆಯಾದವು. ಅವರ ಗಂಟಲು ಕೆಟ್ಟಿರಲಿಲ್ಲ, ಕೇಳೋರ ರುಚಿ ಬದಲಾಗಿತ್ತು. ಅಮೀರ್‌ಬಾಯಿ ಚಿಕ್ಕಪುಟ್ಟ ಪಾತ್ರಗಳಲ್ಲಿ ನಟಿಸುತ್ತಾ ಚಿತ್ರರಂಗದಲ್ಲೇ ಉಳಿದರು. 1965ರ ಮಾರ್ಚ್‌ನಲ್ಲಿ ತೀರಿಕೊಂಡರು. ಮಣ್ಣಾದದ್ದು ಬಿಜಾಪುರದಲ್ಲೇ. ತಾವು ದುಡಿದ ಹಣದಲ್ಲಿ ಅವರು ಆ ಊರಲ್ಲಿ ಕಟ್ಟಿಸಿದ ಚಿತ್ರಮಂದಿರದ ಹೆಸರು ಅಮೀರ್ ಟಾಕೀಸ್.

ನಮಗೆ ಅವರ ಬದುಕಲ್ಲಿ ತುಂಬಾ ಇಷ್ಟವಾದದ್ದು ಆ ಹೆಸರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ನಾವು ಹೊರರಾಜ್ಯದ ಗೆಳೆಯರಿಗೆ ಊರು ಸಂಪಿಗೆ ಅಂದ್ರೆ, ಅದೆಲ್ಲಿ ಅಂತ ಕೇಳ್ತಾರೆ. ತೆಂಗಿನ ಸೀಮೆ, ಕೊಬ್ಬರಿ ಮಾರುಕಟ್ಟೆ ಅಂತೆಲ್ಲ ವಿವರಿಸಬೇಕು. ಅಂಬಾಲದ ಜೊಹ್ರಾಬಾಯಿ ತಮ್ಮ ಊರಿನ ಹೆಸರು ಇಟ್ಟುಕೊಂಡರು. ಅಮೀರ್‌ಬಾಯಿ ಇಟ್ಟುಕೊಂಡಿದ್ದು ನಕ್ಷೆಯಲ್ಲಿ ಇನ್ನೂ ಇಲ್ಲದ ನಾಡಿನ ಹೆಸರನ್ನು. 'ಕಿಸ್ಮತ್' ಬಂದಾಗ ಬೀಳಗಿ ಮುಂಬಯಿ ಪ್ರಾಂತ್ಯದಲ್ಲಿತ್ತು, ನಮ್ಮ ಸಂಪಿಗೆ ಮೈಸೂರು ಸಂಸ್ಥಾನದಲ್ಲಿ. ಎರಡೂ ಒಂದೇ ರಾಜ್ಯ ಆಗಿದ್ದು 1956ರಲ್ಲಿ. ಆ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಿದ್ದು 1973ರಲ್ಲಿ, ಅವರು ಹೋಗಿ ಎಂಟು ವರ್ಷದ ಮೇಲೆ.

ರಹಮತ್ ತರೀಕೆರೆಯವರು ಅಮೀರ್‌ಬಾಯಿ ಬಗ್ಗೆ ಕನ್ನಡದಲ್ಲೇ ಪುಸ್ತಕ ಬರೆದಿದ್ದಾರೆ, ಸಿಕ್ಕರೆ ಓದಿ. ಅದಕ್ಕೂ ಮುಂಚೆ ಒಂದು ಸಂಜೆ ಇಯರ್‌ಫೋನ್ ಹಾಕಿಕೊಂಡು 'ಕಿಸ್ಮತ್'ನ ಆ ಜೋಗುಳ ಕೇಳಿ. ಮೊದಲ ಸಲ ದನಿ ಹಳೇದು ಅನ್ಸಬಹುದು. ಎರಡನೇ ಸಲ ಕೇಳಿ ನೋಡಿ.