ಮೃಗಗಳ ದಾರಿಯನ್ನು ಅರಸಿದ ತಂದೆ-ಮಗ

ಆಫ್ರಿಕಾ ಖಂಡದ ಮೃಗಗಳ ವಲಸೆಯನ್ನು ಚಲಚ್ಚಿತ್ರದ ಮೂಲಕ ಜಗತ್ತಿಗೆ ತೋರಿಸಿದವರಲ್ಲಿ ಜರ್ಮನಿಯ ಡಾಕ್ಟರ್ ಬರ್ನ್‌ಹಾರ್ಡ್ ಗ್ರಿಜಿಮೆಕ್ ಅವರು ಅಗ್ರಗಣ್ಯರು. ಊರು ಬಿಟ್ಟು ಅನ್ನವಿರುವ ಕಡೆಗೆ ನಡೆದು ಬಂದ ನಮ್ಮ ವಾಚಕರಿಗೆ ಅವರ ಜೀವನವೃತ್ತಾಂತ ರುಚಿಸೀತೆಂದು ನಂಬಿ ಇಲ್ಲಿ ಸಂಗ್ರಹಿಸಿ ಕೊಡುತ್ತಿದ್ದೇವೆ.

ಇವರು 1909ರ ಏಪ್ರಿಲ್ 24ರಂದು ಸೈಲೀಷಿಯಾ ಪ್ರಾಂತದ ನೈಸೆ ಪಟ್ಟಣದಲ್ಲಿ ಜನಿಸಿದರು. ಆ ಪಟ್ಟಣ ಇಂದು ಪೋಲೆಂಡಿಗೆ ಸೇರಿದೆ. ಪಶುವೈದ್ಯವನ್ನು ಅಭ್ಯಸಿಸಿ ಸರಕಾರಿ ನೌಕರಿಗೆ ಸೇರಿದರು. 1937ರಲ್ಲಿ ನಾಜಿ ಪಕ್ಷದ ಸದಸ್ಯರಾದುದು ಅವರ ಚರಿತ್ರೆಗೆ ಅಂಟಿಕೊಂಡ ಕಲೆ. ಅದನ್ನು ಮರೆಮಾಚಿ ಬರೆಯುವುದು ಪತ್ರಿಕಾಧರ್ಮವಲ್ಲ. 1945ರಲ್ಲಿ ಫ್ರಾಂಕ್‌ಫರ್ಟ್ ನಗರದ ಮೃಗಾಲಯದ ಆಡಳಿತ ಅವರ ಕೈಗೆ ಬಂದಿತು. ಬಾಂಬುಗಳಿಗೆ ಸಿಕ್ಕಿ ಮೃಗಾಲಯ ಹಾಳು ಸುರಿಯುತ್ತಿತ್ತು. ಕೆಲವೇ ಪ್ರಾಣಿಗಳು ಉಳಿದಿದ್ದವು. ಗ್ರಿಜಿಮೆಕ್ ಅವರು ಕಂಗೆಡದೆ ಆವರಣದೊಳಗೆ ಸರ್ಕಸ್ಸನ್ನೂ ಜಾತ್ರೆಯಂತಹ ವಿನೋದಗಳನ್ನೂ ಏರ್ಪಡಿಸಿ, ಆ ಆದಾಯದಿಂದ ಸಂಸ್ಥೆಯನ್ನು ಎತ್ತಿ ನಿಲ್ಲಿಸಿದರು. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಿಗೆ ಈ ಜಾಣ್ಮೆಯ ಬೆಲೆ ಗೊತ್ತು.

ಮಗ ಮೈಕೆಲ್ ಹುಟ್ಟಿದ್ದು 1934ರಲ್ಲಿ. ಮೃಗಗಳ ಮೇಲಿನ ಪ್ರೀತಿಯೊಡನೆ ಕ್ಯಾಮರಾದ ಹುಚ್ಚೂ ಆತನಿಗಿತ್ತು. ತಂದೆ-ಮಗ ಸೇರಿ ತಯಾರಿಸಿದ, ಕಾಡುಪ್ರಾಣಿಗಳಿಗೆ ನೆಲೆ ಇಲ್ಲದಾಗುತ್ತಿರುವುದನ್ನು ಕುರಿತ ಚಿತ್ರ 1956ರಲ್ಲಿ ತೆರೆಗೆ ಬಂದು ಒಳ್ಳೆಯ ಹಣ ಗಳಿಸಿತು. ಆ ಹಣದಿಂದ ಭೂಮಿ ಕೊಂಡು ಸೆರೆಂಗೆಟಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿಸಬೇಕೆಂಬುದು ಅವರ ಇಚ್ಛೆ. ಸೆರೆಂಗೆಟಿ ಇರುವುದು ಇಂದಿನ ಟಾಂಜಾನಿಯಾದಲ್ಲಿ. ಆಗ ಅದು ಬ್ರಿಟಿಷರ ಆಡಳಿತದಲ್ಲಿದ್ದ ಟಾಂಗನಿಕಾ. ಸರಕಾರವೋ ಉದ್ಯಾನದ ಪೂರ್ವಭಾಗವನ್ನು ಕತ್ತರಿಸಿ ಬೇರ್ಪಡಿಸುವ ಯೋಚನೆಯಲ್ಲಿತ್ತು. ಅಲ್ಲಿನ ಉದ್ಯಾನಗಳ ನಿರ್ದೇಶಕ ಪೀಟರ್ ಮೊಲಾಯ್ ಅವರು, ಭೂಮಿ ಕೊಳ್ಳುವ ಬದಲು ಮೃಗಗಳು ಎಷ್ಟಿವೆ, ಯಾವ ತಿಂಗಳಲ್ಲಿ ಎತ್ತ ಹೋಗುತ್ತವೆ ಎಂಬುದನ್ನು ಕಂಡುಹಿಡಿದುಕೊಡುವಂತೆ ಸೂಚಿಸಿದರು. ಊಟಕ್ಕೆ ಎಷ್ಟು ಜನ ಬರುವರೆಂದು ತಿಳಿಯದೆ ಅಕ್ಕಿ ತೊಳೆಯುವುದುಂಟೇ? ಆದರೆ ಅಲ್ಲಿ ಎಣಿಕೆಯೇ ಆಗದೆ ಗಡಿ ಎಳೆಯುವ ಮಾತು ನಡೆದಿತ್ತು.

ತಂದೆ-ಮಗ ಇಬ್ಬರೂ ವಿಮಾನ ನಡೆಸಲು ಕಲಿತರು. ತಂದೆಗೆ ಆಗ 48 ವರ್ಷ. ಚಿಕ್ಕ ಡಾರ್ನಿಯರ್ ವಿಮಾನವೊಂದಕ್ಕೆ ಜೀಬ್ರಾದಂತೆ ಕಪ್ಪು-ಬಿಳಿ ಪಟ್ಟೆಗಳನ್ನು ಬಳಿಸಿ, 1957ರ ಡಿಸೆಂಬರಿನಲ್ಲಿ ಫ್ರಾಂಕ್‌ಫರ್ಟಿನಿಂದ ಹೊರಟು ಮರುಭೂಮಿಗಳನ್ನು ದಾಟಿ ಸೆರೆಂಗೆಟಿ ಸೇರಿದರು. ಬಯಲನ್ನು ಪಟ್ಟಿಪಟ್ಟಿಯಾಗಿ ವಿಭಾಗಿಸಿ, ನೆಲಕ್ಕೆ ಸಮೀಪವಾಗಿ ಹಾರುತ್ತ ಕಣ್ಣಿನಿಂದಲೇ ಎಣಿಸಿದರು. ವೈಲ್ಡ್‌ಬೀಸ್ಟ್ ಎಂಬ, ದನದ ಮುಖವೂ ಕುದುರೆಯ ಬಾಲವೂ ಉಳ್ಳ ಚಿಗರೆಜಾತಿಯ ಪ್ರಾಣಿ ಸುಮಾರು 99,000. ಜೀಬ್ರಾ ಸುಮಾರು 57,000. ಕೆಲವನ್ನು ಹಿಡಿದು ಕೊರಳಿಗೆ ಬಣ್ಣದ ಪಟ್ಟಿ ಕಟ್ಟಿ ಬಿಟ್ಟು, ಅವುಗಳ ಬೆನ್ನು ಹತ್ತಿದರು. ಹಿಂಡುಗಳು ಮೇಯುವ ಹುಲ್ಲನ್ನು ಕಿತ್ತು ಪರೀಕ್ಷೆಗೆ ಕಳುಹಿಸಿದರು. ಜೊತೆಜೊತೆಗೇ ಚಿತ್ರೀಕರಣವೂ ನಡೆಯಿತು.

ಮಳೆಗಾಲದಲ್ಲಿ ಆಗ್ನೇಯದ ಬಯಲಿನಲ್ಲಿ ಗಿಡ್ಡ ಹುಲ್ಲು ಚಿಗುರುತ್ತದೆ. ವೈಲ್ಡ್‌ಬೀಸ್ಟ್‌ಗಳು ಅಲ್ಲಿಯೇ ಕೆಲವು ವಾರಗಳ ಅಂತರದಲ್ಲಿ ಒಟ್ಟಾಗಿ ಕರು ಹಾಕುತ್ತವೆ. ಹುಟ್ಟಿದ ಕರು ನಿಮಿಷಗಳಲ್ಲಿ ಎದ್ದು ತಾಯಿಯೊಡನೆ ಓಡುತ್ತದೆ. ನೀರು ಬತ್ತಿದೊಡನೆ ಹಿಂಡು ಸಾಲುಗಟ್ಟಿ ಪಶ್ಚಿಮಕ್ಕೆ, ಅಲ್ಲಿಂದ ಉತ್ತರಕ್ಕೆ, ಮೊಸಳೆಗಳಿರುವ ಮಾರಾ ನದಿಯನ್ನು ದಾಟಿ ಕೆನ್ಯಾದವರೆಗೆ ಸಾಗಿ, ಮತ್ತೆ ಮಳೆಗೆ ಹಿಂದಿರುಗುತ್ತದೆ. ವಿಮಾನದಿಂದ ಕಂಡ ಈ ದೃಶ್ಯ ಕಣ್ಣಿಗೆ ಹಬ್ಬ. ಆದರೆ ನಕ್ಷೆಯ ಮೇಲೆ ಗುರುತಿಸಿದಾಗ ಅದೇ ಒಂದು ತಕರಾರು ಅರ್ಜಿಯಾಯಿತು. ಮೃಗಗಳ ದಾರಿ ಸರಕಾರವು ಎಳೆಯಲಿದ್ದ ಗಡಿಯನ್ನು ಮೀರಿ ಹೋಗುತ್ತಿತ್ತು.

1959ರ ಜನವರಿ 10ರಂದು ಮೈಕೆಲ್ ಒಬ್ಬನೇ ಹಾರುತ್ತಿದ್ದಾಗ ರಣಹದ್ದೊಂದು ರೆಕ್ಕೆಗೆ ಬಡಿದು ವಿಮಾನ ಉರುಳಿತು. ಆತನಿಗಿನ್ನೂ 24 ತುಂಬಿ ವರ್ಷವಾಗಿರಲಿಲ್ಲ. ಗೊರೊಂಗೊರೊ ಎಂಬ ಆರಿದ ಜ್ವಾಲಾಮುಖಿಯ ಅಂಚಿನಲ್ಲಿ ದೇಹವನ್ನು ಮಣ್ಣು ಮಾಡಿದರು. ಕ್ಯಾಮರಾ ಹಿಡಿದವರಲ್ಲಿ ಕೆನ್ಯಾದ ತರುಣ ಅಲನ್ ರೂಟ್ ಒಬ್ಬರು. ಮಗನಿಲ್ಲದ ಮನೆಗೆ ಮರಳಿದ ತಂದೆ ಅದೇ ವರ್ಷ ಚಿತ್ರವನ್ನೂ ಗ್ರಂಥವನ್ನೂ ಹೊರತಂದರು. 1960ರಲ್ಲಿ ಚಿತ್ರಕ್ಕೆ ಆಸ್ಕರ್ ಬಹುಮಾನ ಬಂದಿತು.

ಗಡಿಯ ವಿಷಯ ಮಾತ್ರ ಅವರ ಇಚ್ಛೆಯಂತೆ ನಡೆಯಲಿಲ್ಲ. 1959ರಲ್ಲಿ ಗೊರೊಂಗೊರೊ ಪ್ರದೇಶವನ್ನು ಬೇರ್ಪಡಿಸಿಯೇ ಬಿಟ್ಟರು; ಉತ್ತರದಲ್ಲಿ ಕೆನ್ಯಾ ಗಡಿಯವರೆಗೆ ಹೊಸ ಭೂಮಿಯನ್ನು ಸೇರಿಸಿದರು. ಸೆರೆಂಗೆಟಿಯೊಳಗೆ ದನ ಮೇಯಿಸುತ್ತಿದ್ದ ಮಸಾಯಿ ಜನರು ಗಂಟುಮೂಟೆ ಕಟ್ಟಿ ಗೊರೊಂಗೊರೊ ಕಡೆಗೆ ಹೋಗಬೇಕಾಯಿತು. ಉದ್ಯಾನದೊಳಗೆ ಸ್ಥಳೀಯರೂ ಇರಕೂಡದೆಂಬುದು ಗ್ರಿಜಿಮೆಕ್ ಅವರ ದೃಢಮತ. ಇದನ್ನು ನಾವು ಒಪ್ಪಲಾರೆವು. ಮೃಗದ ದಾರಿಗಾಗಿ ಅಷ್ಟು ಮರುಗಿದ ಮಹನೀಯರು ತಲೆತಲಾಂತರದಿಂದ ಅಲ್ಲಿ ದನ ಕಾಯ್ದವನ ದಾರಿಯನ್ನು ಯೋಚಿಸಲಿಲ್ಲ. ಮಸಾಯಿಗಳ ದನಗಳು ಬಯಲನ್ನು ಬೋಳು ಮಾಡುವುವೆಂಬ ಅವರ ಭಯವೂ ನಿಜವಾಗಲಿಲ್ಲ. 1960ರ ದಶಕದಲ್ಲಿ ದನಗಳಿಗೆ ಚುಚ್ಚುಮದ್ದು ಹಾಕಿದ್ದರಿಂದ ದೊಡ್ಡರೋಗ ಅಡಗಿ, ಕರುಗಳು ಬದುಕತೊಡಗಿ, 1977ರ ಹೊತ್ತಿಗೆ ವೈಲ್ಡ್‌ಬೀಸ್ಟ್‌ಗಳ ಸಂಖ್ಯೆ ಸುಮಾರು 13 ಲಕ್ಷಕ್ಕೇರಿತು.

ಮೃಗಾಲಯದ ಹುದ್ದೆಯಲ್ಲಿ ಅವರು 1974ರವರೆಗೆ ಇದ್ದರು. 1956ರಿಂದ ಜರ್ಮನಿಯ ಟೆಲಿವಿಷನ್ನಿನಲ್ಲಿ ಪ್ರಾಣಿಗಳನ್ನು ಕುರಿತು ಅವರು ನಡೆಸಿದ ಕಾರ್ಯಕ್ರಮವನ್ನು ಮನೆಮನೆಯಲ್ಲೂ ನೋಡುತ್ತಿದ್ದರು. ಪೂರ್ವ ಆಫ್ರಿಕಾಕ್ಕೆ ಅಗ್ಗದ ಪ್ರವಾಸ ಸಿಗುತ್ತದೆಂದು ಅದರಲ್ಲಿ ಒಮ್ಮೆ ಸಾರಿದರಂತೆ. ಅಂತಹ ಪ್ರವಾಸವೇ ಆಗ ಇರಲಿಲ್ಲ, ಆದರೆ ಗಿರಾಕಿಗಳು ಮುಗಿಬಿದ್ದುದನ್ನು ಕಂಡು ಪ್ರವಾಸ ಕಂಪೆನಿಗಳು ಹೊರಡಿಸಲೇಬೇಕಾಯಿತು.

1987ರ ಮಾರ್ಚ್ 13ರಂದು ಫ್ರಾಂಕ್‌ಫರ್ಟಿನಲ್ಲಿ ಸರ್ಕಸ್ ನೋಡುತ್ತ ಕುಳಿತಿದ್ದಾಗ ಅವರ ಪ್ರಾಣ ಹೋಯಿತು. ಚಿತಾಭಸ್ಮವನ್ನು ಗೊರೊಂಗೊರೊದ ಅಂಚಿಗೆ ಒಯ್ದು ಮೈಕೆಲ್‌ನ ಪಕ್ಕದಲ್ಲಿ ಇರಿಸಿದರು. ಕಲ್ಲುಗಳನ್ನು ಗೋಪುರದಂತೆ ಪೇರಿಸಿದ ಆ ಸಮಾಧಿ ಇಂದಿಗೂ ದಾರಿಯ ಮಗ್ಗುಲಲ್ಲಿದೆ.